ಬುಡ ಬುಡು

ಇನ್ನೊಂದು ಸಲ ಕೇಳಬೇಕಿತ್ತು, ಕೇಳಲಿಲ್ಲ. ನಾನು ಮಾಡದೆ ಬಿಟ್ಟ ಕೆಲಸ ಇಷ್ಟೇ. ಫೋನು ಜೇಬಿನಲ್ಲೇ ಇತ್ತು, ಅಕ್ಕನ ನಂಬರು ಎಲ್ಲಕ್ಕಿಂತ ಮೇಲಿತ್ತು, ನನ್ನ ಬೆರಳಿಗೂ ಏನೂ ಆಗಿರಲಿಲ್ಲ. ‘ಅಕ್ಕ, ನೀನು ಹೇಳಿದ್ದು ತಿಳೀಲಿಲ್ಲ, ಇನ್ನೊಂದ್ಸಲ ಹೇಳು’ ಅನ್ನುವುದಕ್ಕೆ ಷರ್ಟಿನ ಒಂದು ಗುಂಡಿ ಹಾಕುವಷ್ಟು ಹೊತ್ತೂ ಬೇಕಿಲ್ಲ. ಆದರೆ ತಿಳಿಯಲಿಲ್ಲ ಎಂದು ಬಾಯಿಬಿಟ್ಟು ಹೇಳುವುದು ನನಗೆ ಚಿಕ್ಕಂದಿನಿಂದ ಬಂದಿಲ್ಲ. ಶಾಲೆಯಲ್ಲಿ ಮೇಷ್ಟ್ರು ‘ಅರ್ಥ ಆಯ್ತೇನ್ರೋ?’ ಎಂದಾಗ ಎಲ್ಲರಿಗಿಂತ ಮೊದಲು ತಲೆ ಆಡಿಸುತ್ತಿದ್ದವನು ನಾನು. ಹಾಗೆ ತಲೆ ಆಡಿಸಿಕೊಂಡೇ ಏಳನೇ ಕ್ಲಾಸಿನವರೆಗೆ ಬಂದೆ, ಅಲ್ಲಿ ಪರೀಕ್ಷೆ ಅಡ್ಡ ನಿಂತಿತು. ಮೇಷ್ಟ್ರ ಮುಂದೆ ತಲೆ ಆಡಿಸಿದರೆ ನಡೆಯುತ್ತದೆ. ಪರೀಕ್ಷೆಯ ಪೇಪರಿನ ಮುಂದೆ ಆಡಿಸಿದರೆ ಅದು ಸುಮ್ಮನೆ ನಮ್ಮನ್ನೇ ನೋಡುತ್ತಿರುತ್ತದೆ.

ಆಮೇಲೆ ಟೈಲರ್ ಆದೆ. ಕೇಳಿ ಕೇಳಿಯೇ ಮಾಡಬೇಕಾದ ಕಸುಬು ಇದು. ತೋಳು ಎಷ್ಟು, ಕತ್ತು ಎಷ್ಟು ಎಂದು ಕತ್ತರಿ ಹಾಕುವ ಮೊದಲು ನಾವು ಗಿರಾಕಿಯನ್ನು ಕೇಳಬೇಕು. ಹಾಕಿದ ಮೇಲೆ ಗಿರಾಕಿ ನಮ್ಮನ್ನು ಕೇಳುತ್ತಾರೆ, ಅದು ಬೇರೆ ದನಿಯಲ್ಲಿರುತ್ತದೆ. ನಂಜನಗೂಡಿನಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಹಿಂದಿನ ಓಣಿ ಇಳಿದರೆ ಕಪಿಲೆ. ಅದೇ ಹೊಳೆ ಕೆಳಗೆ ಹರಿದು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿ ನನ್ನ ಅಕ್ಕ ಇದ್ದಾಳೆ. ನಾನು ಮೇಲೆ, ಅವಳು ಕೆಳಗೆ. ನಮ್ಮಿಬ್ಬರ ಸಂಬಂಧವೂ ಮೊದಲಿನಿಂದ ಹೀಗೇ. ನಾನು ಇಲ್ಲಿ ಏನು ಕಲಕಿದರೂ ಅದು ಹರಿದುಕೊಂಡು ಹೋಗಿ ಅಕ್ಕನ ಕಾಲ ಹತ್ತಿರ ನಿಲ್ಲುತ್ತದೆ. ನಾನು ಒಡೆದ ಮಡಕೆಗೆ ಅವ್ವನ ಹತ್ತಿರ ಬೈಸಿಕೊಂಡವಳು ಅವಳು. ‘ನಾನೇ ಎತ್ತಾಕ್ಬುಟ್ಟೆ ಕಣವ್ವ’ ಎಂದು ಎಷ್ಟು ಸಲೀಸಾಗಿ ಹೇಳುತ್ತಿದ್ದಳೆಂದರೆ, ಸ್ವಲ್ಪ ಹೊತ್ತಿಗೆ ನನಗೂ ಅದೇ ನಿಜವಿರಬೇಕು ಅನ್ನಿಸುತ್ತಿತ್ತು. ನಾನು ಓದಲಿ ಎಂದು ಅವಳು ಶಾಲೆ ಬಿಟ್ಟು ಅವ್ವನ ಜೊತೆ ಕಳೆ ಕೀಳಲು ಹೋದಳು. ನಾನು ಓದಿದ್ದು ಎಷ್ಟು ಎಂದು ಮೇಲೆ ಹೇಳಿದ್ದೇನೆ.

ಅಕ್ಕ ಈಗ ನರಸೀಪುರದ ಹೊಳೆದಂಡೆಯ ಪಾರ್ಕಿನಲ್ಲಿ ಕಂಟ್ರಾಕ್ಟರ್ ಕೈಕೆಳಗೆ ಮಾಲಿ. ನೀರು ಬಿಡುವುದು, ಕಸ ಗುಡಿಸುವುದು, ಬೇಲಿ ಸಮ ಮಾಡುವುದು ಅವಳ ಕೆಲಸ. ಪಾರ್ಕೆಂದರೆ ಬಹಳ ದೊಡ್ಡದೇನಲ್ಲ. ನಡೆಯಲು ಒಂದು ಸುತ್ತುದಾರಿ, ಕೂರಲು ಸಿಮೆಂಟಿನ ಬೆಂಚು, ಬಣ್ಣ ಹೋದ ಒಂದು ಜಿಂಕೆ ಗೊಂಬೆ. ಆದರೆ ಹೊಳೆಯ ಕಡೆಗೆ ತಗ್ಗಾದ ಒಂದು ಮೂಲೆ ಇದೆ. ಅಲ್ಲಿ ಲಕ್ಕಿ ಗಿಡ ಒತ್ತೊತ್ತಾಗಿ ಬೆಳೆದು, ಅದರ ಮೇಲೆ ಕಾಡುತೊಂಡೆ ಬಳ್ಳಿ ಹಬ್ಬಿ, ಕೆಳಗೆ ಸದಾ ಒದ್ದೆಯಾಗಿರುತ್ತದೆ. ಆ ಮೂಲೆಗೆ ಅಕ್ಕ ಕುಡುಗೋಲು ಹಾಕುವುದಿಲ್ಲ, ಬೇರೆಯವರಿಗೂ ಹಾಕಗೊಡುವುದಿಲ್ಲ. ಪಾರ್ಕಿಗೆ ಬೆಳಗ್ಗೆ ನಡೆಯಲು ಬರುವವರದೊಂದು ಸಂಘವಿದೆ, ಬಸವರಾಜಪ್ಪನವರು ಅದರ ಅಧ್ಯಕ್ಷರು. ರಿಟೈರ್ ಆಗಿದ್ದರೂ ಮಫ್ಲರ್ ಸುತ್ತಿಕೊಂಡು ಡ್ಯೂಟಿಗೆ ಬಂದವರ ಹಾಗೇ ನಡೆಯುತ್ತಾರೆ. ಪಾರ್ಕು ‘ನೀಟಾಗಿರಬೇಕು’ ಎನ್ನುವುದು ಅವರ ಒಂದೇ ಬೇಡಿಕೆ. ಒಂದು ದಿನ ಅವರು ಆ ಮೂಲೆಯನ್ನೂ ನೀಟು ಮಾಡಿಸು ಎಂದಾಗ ಅಕ್ಕ ಪೊರಕೆ ಕೆಳಗಿಡದೆಯೇ ಹೇಳಿದ್ದಳಂತೆ: “ನಿಮ್ಮನೇಲಿ ಬಾಣಂತಿ ಕ್ವಾಣೆ ಬಾಗ್ಲು ಕಿತ್ತು ಬೀದೀಗೆ ಇಡ್ತೀರಾ ಸಾ? ಅದು ಅಂಗೇ ಕಣ್ರೀ.” ಬಸವರಾಜಪ್ಪನವರು ಅಂದಿನಿಂದ ಆ ಕಡೆ ನೋಡಿದಾಗಲೆಲ್ಲ ಕೆಮ್ಮುತ್ತಾರೆ, ಅಷ್ಟೇ.

ಆಷಾಢ ಬಂತು. ಆಷಾಢದಲ್ಲಿ ಮದುವೆ ಮುಂಜಿ ಇಲ್ಲ, ಹಾಗಾಗಿ ರವಿಕೆಯ ಗಿರಾಕಿಗಳೂ ಇಲ್ಲ. ಶಾಲೆಯ ಯೂನಿಫಾರಂ ಸುಗ್ಗಿ ಮುಗಿದಿರುತ್ತದೆ. ಆ ತಿಂಗಳು ನಾನು ಅಂಗಡಿಯಲ್ಲಿ ಕೂತು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತೇನೆ, ಒರೆಸುತ್ತೇನೆ, ಮತ್ತೆ ಬಿಡುತ್ತೇನೆ. ಆಗಲೇ ಅಕ್ಕನ ಮಗಳನ್ನು ಹೆರಿಗೆಗೆ ಮೈಸೂರಿನ ಆಸ್ಪತ್ರೆಗೆ ಸೇರಿಸಬೇಕಾಗಿ ಬಂತು. ನಾಲ್ಕು ದಿನ ಪಾರ್ಕು ನೋಡಿಕೊಳ್ಳುತ್ತೀಯಾ ಎಂದು ಅಕ್ಕ ಕೇಳಿದಳು. ಜನ್ಮದಲ್ಲಿ ಮೊದಲ ಸಲ ಅವಳು ನನ್ನನ್ನು ಏನಾದರೂ ಕೇಳಿದ್ದು. ನಾನು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ತಲೆ ಆಡಿಸಿದೆ. ಫೋನಿನಲ್ಲಿ ತಲೆ ಆಡಿಸಿದರೆ ಕಾಣುವುದಿಲ್ಲ ಎಂದು ಹೆಂಡತಿ ರತ್ನ ನೆನಪಿಸಿದ ಮೇಲೆ ‘ಹೂಂ’ ಎಂದೆ.

ಬೀಗದ ಕೈ ಕೊಡುವಾಗ ಅಕ್ಕ ಎಲ್ಲ ಹೇಳಿಕೊಟ್ಟಳು. ಕೊನೆಗೆ ತಗ್ಗಿನ ಮೂಲೆ ತೋರಿಸಿ, “ಅತ್ಲಾಗ್ ಓಗ್ಬ್ಯಾಡ ಕಣ್ಲಾ ಮಾದೇವ. ಅಲ್ಲಿ ಜೀವ ಅವೆ” ಅಂದಳು. ಯಾವ ಜೀವ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಹಾವಿರಬೇಕು ಅಂದುಕೊಂಡು ಎರಡು ಹೆಜ್ಜೆ ಹಿಂದೆ ಸರಿದೆ. ಅವಳೂ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎನ್ನುವುದು ನನಗೆ ಗೊತ್ತು. ನನ್ನ ಅಂಗಡಿ ಇರುವುದೇ ಮಾತಿಗೆ. ನನಗೆ ಹೇಳಿದ ಗುಟ್ಟು ಸಂಜೆಯೊಳಗೆ ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿರುತ್ತದೆ.

ಮೊದಲ ದಿನ ನೀರು ಬಿಟ್ಟೆ, ಗುಡಿಸಿದೆ. ಆಮೇಲೆ ಕಣ್ಣು ಬೇಲಿಯ ಮೇಲೆ ಬಿತ್ತು. ಟೈಲರ್ ಕಣ್ಣು ನೋಡಿ, ಅಂಚು ಸೊಟ್ಟಗಿದ್ದರೆ ನಿದ್ದೆ ಬರುವುದಿಲ್ಲ. ದೇವಸ್ಥಾನದಲ್ಲಿ ಮುಂದೆ ನಿಂತವರ ಷರ್ಟಿನ ಕಾಲರು ಏರುಪೇರಾಗಿದ್ದರೆ ನನಗೆ ದೇವರು ಕಾಣುವುದಿಲ್ಲ. ಬೇಲಿ ಕತ್ತರಿ ತೆಗೆದುಕೊಂಡು, ಟೇಪು ಹಿಡಿದು ಒಂದು ಕಡೆಯಿಂದ ಸಮ ಮಾಡುತ್ತಾ ಬಂದೆ. ಬಸವರಾಜಪ್ಪನವರು ನಿಂತರು. ಸಂಘದವರೆಲ್ಲ ನಿಂತರು. ಟೈಲರ್ ಕೈ ಅಂದರೆ ಟೈಲರ್ ಕೈ, ಗೆರೆ ಎಳೆದ ಹಾಗಿದೆ ಎಂದರು. ಒಬ್ಬರು ಮೊಬೈಲಿನಲ್ಲಿ ಫೋಟೋ ತೆಗೆದರು. ರವಿಕೆ ಹೊಲಿದವನನ್ನು ಯಾರೂ ನಿಲ್ಲಿಸಿ ಫೋಟೋ ತೆಗೆಯುವುದಿಲ್ಲ. ಹೊಗಳಿಕೆ ನನ್ನ ತಲೆಗೆ ಏರಿತು ಎಂದರೆ ಕಡಿಮೆಯಾಯಿತು, ಅದು ಕೈಗೆ ಇಳಿಯಿತು. ಅಲ್ಲಿಂದ ಕತ್ತರಿ ಕೆಳಗಿಡಲು ಆಗಲಿಲ್ಲ.

ಮೂರನೇ ದಿನ ಬೆಳಗ್ಗೆ ಅಕ್ಕನ ಫೋನು ಬಂತು. ಹಿಂದೆ ಆಸ್ಪತ್ರೆಯ ಗಲಾಟೆ. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ, ನಾಳೆ ಮನೆಗೆ ಕರೆದುಕೊಂಡು ಬರುತ್ತೇವೆ, ಬಾಣಂತಿಯ ನೀರಿಗೆ ಹಾಕಲು ಲಕ್ಕಿ ಸೊಪ್ಪು ಬೇಕು, ದಾರಿಯ ಕಡೆಯಿಂದ ಕಿತ್ತಿಡು ಎಂದಳು. ಆಮೇಲೆ ಹೇಳಿದ ಮಾತು ಇದು: “ಮ್ಯಾಲ್ಮ್ಯಾಲೆ ಸವರ್ಬುಡು. ಬುಡ ಬುಡು.”

ಇಲ್ಲಿ ನಮ್ಮ ಕಡೆಯ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ನಾವು ಬಿಡು ಅನ್ನುವುದಿಲ್ಲ, ಬುಡು ಅನ್ನುತ್ತೇವೆ. ಹೋಗ್ಬುಡು ಅಂದರೆ ಹೋಗಿಯೇ ಹೋಗು. ಬರೀ ಬುಡು ಅಂದರೆ ಕೈ ತೆಗೆ, ಮುಟ್ಟಬೇಡ. ಯಾರಾದರೂ ಅತ್ತರೂ ಬುಡು, ನಕ್ಕರೂ ಬುಡು, ಸಾಲ ತೀರಿಸದಿದ್ದರೂ ಕೊನೆಗೆ ಬುಡು. ಇನ್ನು ಗಿಡ ನೆಲದಿಂದ ಏಳುವ ಜಾಗಕ್ಕೆ ಬುಡ ಅನ್ನುತ್ತೇವೆ. ನನ್ನ ಮಕ್ಕಳು ಕಾನ್ವೆಂಟಿನಲ್ಲಿ ಓದುವವರು, ‘ಅಪ್ಪಾ, ಬುಡು ಅಲ್ಲ, ಬಿಡು’ ಎಂದು ದಿನವೂ ತಿದ್ದುತ್ತಾರೆ. ಆದ್ದರಿಂದ ಒಂದು ಸಬೂಬು ನನಗೆ ಅಲ್ಲೇ ಸಿದ್ಧವಾಗಿ ಸಿಕ್ಕಿತು. ಗಲಾಟೆಯಲ್ಲಿ ಸರಿಯಾಗಿ ಕೇಳಿಸಲಿಲ್ಲ, ‘ಸವರ್ಬುಡು, ಬುಡು ಬುಡು’ ಎಂದು ಅವಸರ ಮಾಡಿದಳು ಅಂದುಕೊಂಡೆ ಎಂದು ನಾನು ಆಮೇಲೆ ರತ್ನನಿಗೆ ಹೇಳಿದೆ. ನಿಮಗೂ ಹಾಗೇ ಹೇಳಿ ಮುಗಿಸಬಹುದಿತ್ತು. ಕೇಳಿದವರು ನಕ್ಕು, ಪಾಪ, ಮಾತಿನ ತೊಡಕು ಎನ್ನುತ್ತಿದ್ದರು.

ಲಕ್ಕಿ ಗಿಡದ ತುದಿ ಸವರಿದೆ. ಸೊಪ್ಪು ಬೇಕಾದಷ್ಟು ಬಂತು. ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಮೇಲೆ ಸವರಿದ ಗಿಡ, ಅರ್ಧ ತಲೆ ಕ್ಷೌರ ಮಾಡಿಸಿಕೊಂಡು ಎದ್ದುಬಂದವನ ಹಾಗೆ ಕಾಣುತ್ತಿತ್ತು. ಬಸವರಾಜಪ್ಪನವರು ನನ್ನ ಹಿಂದೆಯೇ ನಿಂತು ಕೆಮ್ಮಿದರು. “ಬುಡಕ್ಕೇ ಹಾಕಯ್ಯ. ನಿನ್ನ ಕೈಯಲ್ಲಾದ್ರೂ ಒಂದ್ಸಲ ನೀಟಾಗ್ಲಿ.” ಒಂದು ಗಳಿಗೆ ಫೋನು ಮುಟ್ಟಿ ನೋಡಿಕೊಂಡೆ. ಅಕ್ಕನನ್ನು ಕೇಳಿದರೆ ಬೇಡ ಅನ್ನುತ್ತಾಳೆ ಅನ್ನಿಸಿತು. ಹಾಗನ್ನಿಸಿದ್ದರಿಂದಲೇ ಕೇಳಲಿಲ್ಲ. ಬಗ್ಗಿ ಬುಡಕ್ಕೆ ಕತ್ತರಿ ಹಾಕಿದೆ.

ಒಳಗಿನಿಂದ ಏನೋ ಬಾಣದ ಹಾಗೆ ಹೊರಟಿತು. ಹುಂಡುಕೋಳಿ. ನೀವು ನೋಡಿರುತ್ತೀರಿ, ಹೊಳೆ ಕೆರೆಗಳ ಪಕ್ಕ ಬಾಲ ಕುಣಿಸಿಕೊಂಡು ಓಡಾಡುವ ಹಕ್ಕಿ. ಬಿಳಿ ಷರ್ಟಿನ ಮೇಲೆ ಕಪ್ಪು ಕೋಟು, ಹಿಂದೆ ಮಾತ್ರ ಒಳಗಿನ ಕೆಂಪು ಅಸ್ತರಿ ಕಾಣುವ ಹಾಗೆ ಅದರ ಹೊಲಿಗೆ. ಅದು ನೀರಿನ ಕಡೆ ಓಡಿ, ಜೊಂಡಿನಲ್ಲಿ ನಿಂತು ಕೂಗತೊಡಗಿತು. ಕತ್ತರಿಸಿದ ರೆಂಬೆ ಸರಿಸಿದೆ. ಹುಲ್ಲು ಜೊಂಡುಗಳನ್ನು ಸುತ್ತಿ ಮಾಡಿದ ಗೂಡು, ಅದರಲ್ಲಿ ಕೆನೆ ಬಣ್ಣದ ಮೇಲೆ ಕಂದು ಚುಕ್ಕಿಯ ಮೊಟ್ಟೆಗಳು. ಅಯ್ಯೋ ಎಂದು ಒಂದು ಹೆಜ್ಜೆ ಹಿಂದೆ ಇಟ್ಟೆ. ಚಪ್ಪಲಿಯ ಕೆಳಗೆ ಏನೋ ಮೆತ್ತಗೆ ಒಡೆಯಿತು. ರೆಂಬೆ ಸರಿಸುವಾಗ ಒಂದು ಮೊಟ್ಟೆ ಗೂಡಿನಿಂದ ಉರುಳಿ ನನ್ನ ಹಿಂದೆ ಬಂದಿತ್ತು.

ಅಷ್ಟರಲ್ಲಿ ಬಸವರಾಜಪ್ಪನವರು ಕತ್ತು ಚಾಚಿ, ಅದೇನಯ್ಯ ಎಂದು ಹತ್ತಿರ ಬಂದರು. ಅವರು ನೋಡಿದರೆ ಸಂಘ ನೋಡುತ್ತದೆ, ಸಂಘ ನೋಡಿದರೆ ಮೊಬೈಲು ಬರುತ್ತದೆ, ಆಮೇಲೆ ಆ ಹಕ್ಕಿ ಈ ಕಡೆ ತಿರುಗಿಯೂ ನೋಡುವುದಿಲ್ಲ. ನನ್ನ ಬಾಯಿಗೆ ಮೊದಲು ಬಂದ ಮಾತು ಹೇಳಿದೆ. “ಹಾವು ಸಾರ್.” ಸಂಘದವರು ದಿನವೂ ಪಾರ್ಕಿನಲ್ಲಿ ನಡೆಯುತ್ತಿದ್ದುದನ್ನು ನೋಡಿದ್ದೆ. ಓಡಿದ್ದನ್ನು ಅಂದೇ ನೋಡಿದ್ದು.

ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ. ಗಿಡವನ್ನು ಮತ್ತೆ ಹೊಲಿದೆ. ನನ್ನ ಚೀಲದಲ್ಲಿ ದಬ್ಬಣವೂ ನೈಲಾನ್ ದಾರವೂ ಯಾವಾಗಲೂ ಇರುತ್ತವೆ. ಕಡಿದ ರೆಂಬೆಗಳನ್ನು ಗೂಡಿನ ಸುತ್ತ ನೆಟ್ಟು, ಉಳಿದ ಮೋಟುಗಳಿಗೆ ದಾರದಿಂದ ಬಿಗಿದು, ತೊಂಡೆ ಬಳ್ಳಿಯನ್ನು ಮೇಲೆ ಎಳೆದು, ಹೊಲಿಗೆ ನಿಲ್ಲುವವರೆಗೆ ಹಾಕುವ ಕಚ್ಚಾ ಟಾಕಿನ ಹಾಗೆ ಅಲ್ಲಲ್ಲಿ ಕುಣಿಕೆ ಹಾಕಿದೆ. ಆಮೇಲೆ ದೂರದ ಬೆಂಚಿನಲ್ಲಿ ಕೊಡೆ ಬಿಚ್ಚಿಕೊಂಡು ಕೂತೆ. ಎದುರಿನ ದೀಪದ ಕಂಬದ ಮೇಲೆ ಒಂದು ಕಾಗೆ ಕೂತಿತ್ತು. ಅದು ಗೂಡನ್ನು ನೋಡುತ್ತಿತ್ತು, ನಾನು ಅದನ್ನು ನೋಡುತ್ತಿದ್ದೆ, ಜೊಂಡಿನಿಂದ ಹುಂಡುಕೋಳಿ ನಮ್ಮಿಬ್ಬರನ್ನೂ ನೋಡಿ ಬೈಯುತ್ತಿತ್ತು. ನಾಯಿಯೊಂದು ಬಂತು, ಕೊಡೆ ಬೀಸಿದೆ. ಕಾಗೆ ಹಾರಿತು, ಮತ್ತೆ ಕೂತಿತು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಮೊಟ್ಟೆಗಳು ತಣ್ಣಗಾಗುತ್ತಿವೆ ಎನ್ನುವ ಒಂದೇ ಯೋಚನೆ. ಗಿರಾಕಿಯ ಬಟ್ಟೆಯಾಗಿದ್ದರೆ ಹೊಸ ಪೀಸು ತಂದು ಹೊಲಿದು ಕೊಡಬಹುದಿತ್ತು. ಇದಕ್ಕೆ ಯಾವ ಅಂಗಡಿಗೆ ಹೋಗಲಿ?

ನನಗೆ ತಪ್ಪಾಯಿತು ಎಂದು ಹೇಳುವ ಅಭ್ಯಾಸವೇ ಇಲ್ಲ. ಅಂಗಡಿಯಲ್ಲಿ ಆ ಮಾತಿನ ಬದಲು ‘ಕೊಡಿ, ಆಲ್ಟ್ರೇಷನ್ ಮಾಡಿಕೊಡ್ತೀನಿ’ ಎನ್ನುತ್ತೇನೆ. ಒಮ್ಮೆ ಒಬ್ಬ ಮದುಮಗನ ಕೋಟಿಗೆ ಎರಡೂ ಎಡಗೈಯ ತೋಳನ್ನೇ ಇಟ್ಟಿದ್ದೆ. ಅವನು ಕೈ ಎತ್ತಿದರೆ ಯಾರನ್ನೋ ಕರೆಯುವ ಹಾಗೆ ಕಾಣುತ್ತಿತ್ತು. ಆಗಲೂ ಈಗಿನ ಫ್ಯಾಷನ್ನು ಹೀಗೇ ಎಂದೆನೇ ಹೊರತು ಇನ್ನೇನೂ ಹೇಳಲಿಲ್ಲ. ಬಾಯಲ್ಲಿ ಬರಬೇಕಾದದ್ದು ಕೈಯಲ್ಲಿ ಬಂದರೆ ಸಾಕು ಎಂದುಕೊಂಡೇ ಬದುಕಿದವನು. ಆ ಬೆಂಚಿನ ಮೇಲೆ ಕೂತು, ಹೊಲಿದ ಗಿಡ ನೋಡುತ್ತಾ ಮೊದಲ ಸಲ ಅದು ಸಾಲದು ಅನ್ನಿಸಿತು. ಇನ್ನೊಂದೂ ಹೊಳೆಯಿತು. ತಾಯಂದಿರು ಮಕ್ಕಳ ಯೂನಿಫಾರಂ ಬಟ್ಟೆ ಕೊಡುವಾಗ ತಪ್ಪದೆ ಒಂದು ಮಾತು ಹೇಳುತ್ತಾರೆ: ‘ಒಳಗೆ ಬಟ್ಟೆ ಬುಡಣ್ಣ, ಮಗ ಬೆಳೀತದೆ.’ ಮಡಿಚಿ ಒಳಗೆ ಬಿಟ್ಟ ಆ ಬಟ್ಟೆ ಹೊರಗೆ ಕಾಣುವುದಿಲ್ಲ, ಅಂದಕ್ಕೂ ಅಲ್ಲ. ಆದರೆ ಅದನ್ನು ಕತ್ತರಿಸಿದ ಟೈಲರಿಗೆ ಮುಂದಿನ ವರ್ಷ ಬೈಗುಳ ಗ್ಯಾರಂಟಿ. ಅಕ್ಕ ಪಾರ್ಕಿನ ಅಂಚಿನಲ್ಲಿ ಬಿಟ್ಟದ್ದು ಅದೇ. ನಾನು ನೀಟಾಗಿ ಕತ್ತರಿಸಿದ್ದೂ ಅದನ್ನೇ.

ಬಿಸಿಲು ಇಳಿಯುವ ಹೊತ್ತಿಗೆ ಹುಂಡುಕೋಳಿ ಜೊಂಡಿನಿಂದ ಹೊರಗೆ ಬಂತು. ನಿಂತಿತು. ಬಾಲ ಎತ್ತಿತು, ಇಳಿಸಿತು. ಹಿಂದಕ್ಕೆ ಹೋಯಿತು. ಮತ್ತೆ ಬಂತು. ನಾನು ಉಸಿರು ಹಿಡಿದು ಕೂತಿದ್ದೆ. ಆಗಲೇ ಜೇಬಿನಲ್ಲಿ ಫೋನು ಬಡಿದುಕೊಂಡಿತು, ಅಕ್ಕ. ಎತ್ತಿ ಪಿಸುದನಿಯಲ್ಲಿ ಮಾತಾಡಿದೆ. ಮೂಲೆ ಹೇಗಿದೆ ಎಂದು ಕೇಳಿದಳು. ಹಾಗೇ ಇದೆ ಎಂದೆ. ಗಿಡ ನಿಂತೇ ಇತ್ತಲ್ಲ, ಆ ಅರ್ಥದಲ್ಲಿ ಅದು ಸುಳ್ಳೂ ಅಲ್ಲ. ಫೋನು ಇಟ್ಟು ನೋಡಿದರೆ ಹಕ್ಕಿ ಕಾಣಲಿಲ್ಲ. ನಾನು ಹೊಲಿದ ರೆಂಬೆಯ ಹಿಂದೆ ಏನೋ ಬಿಳಿ ಅಲುಗಿತು. ಒಳಗೆ ಹೋಗಿ ಕೂತಿತ್ತು. ನನಗೆ ಅಳು ಬಂತು, ಕೊಡೆ ಅಡ್ಡ ಹಿಡಿದುಕೊಂಡೆ.

ಅಂದು ಅಕ್ಕನ ಮನೆಯಲ್ಲೇ ಮಲಗಿದ್ದೆ. ಬೆಳಗ್ಗೆ ಪಾರ್ಕಿಗೆ ಬಂದಾಗ ಗೇಟಿನಲ್ಲಿ ಸಂಘವೆಲ್ಲ ನೆರೆದಿತ್ತು. ಬಸವರಾಜಪ್ಪನವರ ಮುಖದಲ್ಲಿ ಬಹಳ ದಿನದ ಮೇಲೆ ಕಳೆ ಬಂದಿತ್ತು. ಹಾವಿನ ಸುದ್ದಿ ತಿಳಿದ ಮೇಲೆ ಸುಮ್ಮನೆ ಇರಲಾಗುತ್ತದೆಯೇ, ಕಂಟ್ರಾಕ್ಟರನ್ನು ಒಪ್ಪಿಸಿದ್ದೇನೆ, ಜೆಸಿಬಿ ಬರುತ್ತಿದೆ, ಹೊಳೆಯವರೆಗೂ ಮೂಲೆಯೆಲ್ಲ ಮಟ್ಟ ಮಾಡಿಸಿ ಟೈಲ್ಸ್ ಹಾಕಿಸೋಣ ಎಂದರು. ಎಲ್ಲ ನಿನ್ನಿಂದಲೇ ಆದದ್ದು ಎಂದು ನನ್ನ ಬೆನ್ನು ತಟ್ಟಿದರು. ಹಾವಿಲ್ಲ ಎನ್ನಲೇ? ಅಂದರೆ ಗೂಡು ಎನ್ನಬೇಕು. ಗೂಡು ಎಂದರೆ ಕತ್ತರಿಸಿದ್ದು ನಾನು ಎನ್ನಬೇಕು. ನಾನು ತಲೆ ಆಡಿಸಿದೆ. ನಿಮಗೆ ಗೊತ್ತೇ ಇದೆಯಲ್ಲ, ನನಗೆ ಬರುವುದು ಅದೊಂದೇ.

ಜೆಸಿಬಿ ಗೇಟಿಗೆ ಬರುವುದಕ್ಕೂ ಅಕ್ಕ ಆಟೋದಿಂದ ಇಳಿಯುವುದಕ್ಕೂ ಸರಿಹೋಯಿತು. ಮಗಳನ್ನೂ ಕೂಸನ್ನೂ ಮನೆಗೆ ಬಿಟ್ಟು, ಸೊಪ್ಪಿಗೆಂದು ನೇರ ಇಲ್ಲಿಗೆ ಬಂದಿದ್ದಳು. ವಿಷಯ ಕೇಳಿದವಳೇ ಹೋಗಿ ಮೂಲೆಗೆ ಅಡ್ಡ ನಿಂತಳು. ಬಸವರಾಜಪ್ಪನವರು, ನಿನ್ನ ತಮ್ಮನೇ ಕಣ್ಣಾರೆ ಕಂಡ ಹಾವಮ್ಮ ಎಂದರು. ಅಕ್ಕ ನನ್ನ ಕಡೆ ತಿರುಗಿದಳು.

“ಆವ್ ಕಂಡ್ಯಾ ಮಾದೇವ?”

ನಾನು ನೆಲ ನೋಡಿದೆ. ಅವಳು ಅವರ ಕಡೆ ತಿರುಗಿ, “ನನ್ ತಮ್ಮ ಕಂಡವ್ನೆ ಅಂದ್ರೆ ಇರ್ತದೆ ಸಾ. ಇದ್ರೇನು, ಅದ್ರ ಪಾಡಿಗೆ ಅದು ಅದೆ. ನೀವು ದಾರೀಲಿ ನಡೀರಿ” ಎಂದಳು. ನನ್ನ ಮಾತನ್ನು ನಂಬಿಬಿಟ್ಟಿದ್ದಳು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. ಆಮೇಲೆ ಹಿಂದೆ ತಿರುಗಿ ಗಿಡ ನೋಡಿದಳು. ರಾತ್ರಿ ಕಳೆಯುವುದರೊಳಗೆ ಲಕ್ಕಿ ರೆಂಬೆಗಳು ಬಾಡಿ ಜೋತು ಬಿದ್ದಿದ್ದವು. ಬಗ್ಗಿ ಒಂದು ಎಲೆ ಮುಟ್ಟಿದಳು. ಬೆರಳಿಗೆ ನೈಲಾನ್ ದಾರ ಸಿಕ್ಕಿತು. ಅದನ್ನೇ ಹಿಡಿದು ಕುಣಿಕೆಯವರೆಗೆ ಹೋದಳು. ನರಸೀಪುರದಲ್ಲಿ ಗಿಡಕ್ಕೆ ಕಚ್ಚಾ ಟಾಕು ಹಾಕುವವರು ಬೇರೆ ಯಾರಿದ್ದಾರೆ? ಅವಳು ನನ್ನ ಮುಖ ನೋಡಿದಳು. ಕೋಪವಿರಲಿಲ್ಲ. ಒಡೆದ ಮಡಕೆಯ ಚೂರು ಹೆಕ್ಕುವಾಗ ನೋಡುತ್ತಿದ್ದಳಲ್ಲ, ಅದೇ ನೋಟ. “ಬುಡು” ಎಂದಳು, ನನಗೆ ಮಾತ್ರ ಕೇಳುವ ಹಾಗೆ. ಆಮೇಲೆ ಗಟ್ಟಿಯಾಗಿ, “ಸವರು ಅಂತ ನಾನೇ ಯೋಳಿದ್ದೆ ಸಾ. ತಪ್ಪು ನಂದೇಯ” ಎಂದಳು.

ಆಮೇಲೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಜೆಸಿಬಿ ಗೇಟಿನಿಂದಲೇ ಹಿಂದಕ್ಕೆ ಹೋಯಿತು. ಬಸವರಾಜಪ್ಪನವರು ದೂರದಿಂದ ಗೂಡಿನ ಕಡೆ ನೋಡಿ, ಕೆಮ್ಮದೆ, ಸಂಘದವರಿಗೆಲ್ಲ ಆ ಕಡೆಯ ದಾರಿ ಬಿಟ್ಟು ನಡೆಯಿರಿ ಎಂದರು. ಕೆಲವು ದಿನಗಳ ನಂತರ ಕಪ್ಪು ನೂಲಿನ ಉಂಡೆಗಳಂಥ ಮರಿಗಳು ತಾಯಿಯ ಹಿಂದೆ ಜೊಂಡಿಗೆ ಇಳಿದವಂತೆ, ಅಕ್ಕ ಫೋನಿನಲ್ಲಿ ಹೇಳಿದಳು. ಒಂದು ಕಡಿಮೆ, ಅದನ್ನು ಅವಳು ಹೇಳಲಿಲ್ಲ. ನನ್ನನ್ನು ಈಗಲೂ ಪಾರ್ಕಿನೊಳಗೆ ಬಿಡುತ್ತಾಳೆ, ಆದರೆ ಚೀಲ ಗೇಟಿನಲ್ಲೇ ಇಡಿಸಿಕೊಳ್ಳುತ್ತಾಳೆ.

ಆದರೆ ಆ ಬೆಳಗ್ಗೆ ಇದೊಂದೂ ಗೊತ್ತಿರಲಿಲ್ಲ. ಎದುರಿಗೆ ಜೆಸಿಬಿ ಗುರುಗುಡುತ್ತಿತ್ತು, ಹಿಂದೆ ಬಾಡಿದ ಗಿಡದೊಳಗೆ ಹಕ್ಕಿ ಅಲುಗಾಡದೆ ಕೂತಿತ್ತು, ನಡುವೆ ಅಕ್ಕ ನನ್ನ ಮಡಕೆಯನ್ನು ಮತ್ತೆ ತಾನೇ ಒಡೆದು ನಿಂತಿದ್ದಳು. ನನ್ನ ತಲೆ ತಾನಾಗಿಯೇ ಆಡಲು ಹೊರಟಿತು. ಕೈಯಿಂದ ಹಿಡಿದುಕೊಂಡೆ, ನಿಜವಾಗಿಯೂ ಎರಡೂ ಕೈಯಿಂದ. ನೋಡಿದವರಿಗೆ ತಲೆನೋವು ಅನ್ನಿಸಿರಬೇಕು. ಮಡಿಚಿ ಮಡಿಚಿ ಇಷ್ಟು ವರ್ಷ ಒಳಗೇ ಬಿಟ್ಟಿದ್ದ ಮಾತು, ಬಿಚ್ಚಿದಾಗ ನನ್ನ ಅಳತೆಗೆ ಮೀರಿ ಉದ್ದವಾಗಿತ್ತು. ಸಂಘವೆಲ್ಲ ಕೇಳುವ ಹಾಗೆ ಹೇಳಿದೆ:

“ಆವೂ ಇಲ್ಲ, ಏನೂ ಇಲ್ಲ ಸಾರ್, ನಾನು ಸುಳ್ಳೇಳ್ದೆ. ಅಲ್ಲಿರೋದು ಉಂಡುಕೋಳಿ ಗೂಡು. ಕಡ್ದಿದ್ದೂ ನಾನೇ, ಒಂದು ಮೊಟ್ಟೆ ತುಳಿದಿದ್ದೂ ನಾನೇ. ಅಕ್ಕ, ನೀನು ಬುಡ ಬುಡು ಅಂದಿದ್ದು ನಂಗೆ ಚೆನ್ನಾಗೇ ಕೇಳಿಸ್ತು ಕಣಕ್ಕ. ತಪ್ಪಾಯ್ತು.”